ಖಾರಘರಕ್ಕೆ ಮೂರು ರಿಟರ್ನ್ ಟಿಕೆಟ್

ಮಾನ್ಯ ಓದುಗರಲ್ಲಿ ಅರಿಕೆ. ನಾನು ಠಾಣೆ ನಗರದ ವಾಗ್ಳೆ ಎಸ್ಟೇಟ್‌ನ ಕಾರ್ಖಾನೆಯೊಂದರಲ್ಲಿ ಪತ್ರಗಳ ಆವಕ-ಜಾವಕ ನೋಡಿಕೊಂಡಿದ್ದವನು. ಕಚೇರಿ ಕಾಗದ ಬಿಟ್ಟರೆ ಬೇರೇನನ್ನೂ ಬರೆದವನಲ್ಲ. ಕಾಗುಣಿತದ ದೋಷಗಳನ್ನು ದಯವಿಟ್ಟು ಮನ್ನಿಸಬೇಕು.

ಕಳೆದ ಭಾನುವಾರ ಬೆಳಿಗ್ಗೆ ನಾನೂ ನನ್ನ ಪತ್ನಿ ಗಂಗವ್ವಳೂ ನಾವಿರುವ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಖಾರಘರಕ್ಕೆ ಹೊರಟೆವು. ಅಲ್ಲಿ ಉಡುಪಿ ಕಡೆಯ ಗುರುಗಳೊಬ್ಬರು ತಿಂಗಳಿಗೊಮ್ಮೆ ಪ್ರವಚನ ಮಾಡುತ್ತಾರೆ. ಬಯಸಿದ್ದು ಕೈಗೂಡಿದೆಯೆಂದೇ ಭಾವಿಸಿ ಅದರಂತೆ ನಡೆದುಕೊಂಡರೆ ಕಲ್ಪನೆಯೇ ನಿಜವಾಗುತ್ತದೆ ಎಂಬುದು ಅವರ ಬೋಧನೆ. ಗಂಗವ್ವ ನಾಲ್ಕು ಬಾರಿ ಹೋಗಿ ಬಂದಿದ್ದಳು. ನನಗೆ ಇದು ಮೊದಲನೆಯದು. ನಮ್ಮ ಒಬ್ಬಳೇ ಮಗಳು ರೇಖಾ ಜ್ವರದಿಂದ ತೀರಿಕೊಂಡು ಎರಡು ವರ್ಷವಾಗಿದೆ. ಆದರೂ ಊಟಕ್ಕೆ ಮೂರು ತಟ್ಟೆ ಇಡಲಾಗುತ್ತಿತ್ತು. ಅದನ್ನು ನಿಲ್ಲಿಸುವಂತೆ ಗುರುಗಳಿಂದಲೇ ಹೇಳಿಸುವುದು ನನ್ನ ಪ್ರಯಾಣದ ಉದ್ದೇಶವಾಗಿತ್ತು.

ಟಿಕೆಟ್ ಕಿಟಕಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳು "ತೀನ್ ರಿಟರ್ನ್" ಅಂದಳು. ಹಿಂದೆ ಸಾಲು ಉದ್ದವಿತ್ತು, ನಾನು ವಾದಿಸಲಿಲ್ಲ. ಠಾಣೆಯಲ್ಲಿ ಇಳಿದು, ಒಂದೊಂದು ವಡಾಪಾವ್ ತಿಂದು, ಸೇತುವೆ ದಾಟಿ ಖಾರಘರದ ಮೇಲೆ ಹೋಗುವ ಪನವೇಲ್ ಗಾಡಿ ಹಿಡಿದೆವು. ಸೆಖೆ ವಿಪರೀತವಾಗಿತ್ತು. ಗಂಗವ್ವ ನಮ್ಮಿಬ್ಬರ ನಡುವಿನ ಸೀಟಿನ ಮೇಲೆ ರೇಖಾಳ ಕರವಸ್ತ್ರ ಹಾಸಿದಳು. ಲೋಕಲಿನಲ್ಲಿ ಕರವಸ್ತ್ರವಿದ್ದರೆ ಆ ಜಾಗಕ್ಕೆ ಯಾರೋ ಬರುವವರಿದ್ದಾರೆ ಎಂದು ಅರ್ಥ. ನೆರೂಳ ಸ್ಟೇಷನ್ ಬಂದಾಗ, ಮಗಳು ಓದಿದ ಕಾಲೇಜಿನ ದಿಕ್ಕಿಗೆ ನಾನು ನೋಡಲಿಲ್ಲ.

ಪ್ರವಚನ ಮುಗಿದ ಮೇಲೆ ಗುರುಗಳಲ್ಲಿ ಎಲ್ಲವನ್ನೂ ನಿವೇದಿಸಿದೆ. ಅವರು ಗಂಗವ್ವಳ ಕಡೆ ತಿರುಗಿದರು.

"ಮಗಳು ದೂರ ಇದ್ದಾಳೆ ಅಂತ ಅಲ್ವಾ ಅಮ್ಮ, ನೀವು ನನ್ನತ್ರ ಹೇಳಿದ್ದು?"

"ದೂರನ ಅದಾಳಲ್ರಿ," ಎಂದಳು ಗಂಗವ್ವ.

ಗುರುಗಳು ಎದ್ದು ನಿಂತರು. ತಮ್ಮ ಮಾತು ಮುಂದೆ ಬರಬೇಕಾದದ್ದಕ್ಕೆ ಮಾತ್ರ, ಕಳೆದುಹೋದದ್ದಕ್ಕೆ ತಮ್ಮಲ್ಲಿ ಏನೂ ಇಲ್ಲವೆಂದು ಹೇಳಿ ಅವಳಿಗೆ ಕೈಮುಗಿದರು. ನನ್ನ ಉದ್ದೇಶ ಈಡೇರಿತ್ತು. ಅವಳು ಅಳಲಿಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ.

ಮರಳುವಾಗಲೂ ಕರವಸ್ತ್ರ ಹಾಸಿದಳು. ತುರ್ಭೆಯಲ್ಲಿ ಗಾಡಿ ತುಂಬಿತು. ಬಸುರಿ ಹೆಂಗಸೊಬ್ಬಳು ಆ ಜಾಗ ತೋರಿಸಿ ಕೇಳಿದಳು: "ಇಧರ್ ಕೋಯೀ ಹೈ ಕ್ಯಾ?"

ಯಾರೂ ಇಲ್ಲವೆಂದು ಹೇಳಿಸಲೆಂದೇ ಮನೆಯಿಂದ ಹೊರಟವನು ನಾನು. ಆದರೆ ನನ್ನ ಬಾಯಿಂದ ಬಂದದ್ದು, "ಹೈ. ಮೇರೀ ಬೇಟಿ."

ಗಂಗವ್ವ ನನ್ನನ್ನೇ ನೋಡಿದಳು. ಆಮೇಲೆ ಕರವಸ್ತ್ರ ಎತ್ತಿ, ನಾಲ್ಕು ಮಡಿಕೆ ಮಾಡಿ, ನನ್ನ ಅಂಗಿಯ ಜೇಬಿಗಿಟ್ಟಳು. "ಸ್ವಲ್ಪ ಸರೀರಿ. ಬಸುರಿ ಹೆಂಗಸು, ಎಷ್ಟೊತ್ತು ನಿಂದರ್ತಾಳ?"

ಐರೋಲಿಯಿಂದ ಠಾಣೆಯವರೆಗೆ ಗಂಗವ್ವ ಅತ್ತಳು. ಆ ಹೆಂಗಸು ಏನನ್ನೂ ಕೇಳದೆ ಅವಳ ಕೈ ಹಿಡಿದುಕೊಂಡಿದ್ದಳು.

ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ತಾವು ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ. ಶೀರ್ಷಿಕೆಯಲ್ಲಿ ಮೂರು ಎಂದಿರುವುದನ್ನು ಮಾತ್ರ ಹಾಗೆಯೇ ಬಿಡಬೇಕು.