ಹಳ್ಳದ ದಡದ ಇಟ್ಟಿಗೆ ಗೂಡು ಮತ್ತು ನನ್ನ ಓರಗಿತ್ತಿ

ಓರಗಿತ್ತಿ ನಮ್ಮ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ನಾನು ಹಳ್ಳದ ದಡದ ಪೊದೆಯನ್ನು ಅರ್ಧ ಕಡಿದು ಮುಗಿಸಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಅದನ್ನು ನೆನಪಿಟ್ಟುಕೊಳ್ಳಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಜಯನಗರದಲ್ಲಿ ಆಗಿನ್ನೂ ಮನೆಗಳು ಏಳುತ್ತಿದ್ದ ಕಾಲ. ನಮ್ಮದು ಕೊನೆಯ ಸಾಲು. ಹಿತ್ತಲ ಬಾಗಿಲು ತೆಗೆದರೆ ರಾಗಿ ಹೊಲ, ಅದರಾಚೆ ಕೆರೆಯಿಂದ ಇಳಿದು ಬರುವ ಹಳ್ಳ. ಹಳ್ಳದ ದಡದಲ್ಲಿ ಯಾರೋ ಬಿಟ್ಟುಹೋದ ಎರಡು ಇಟ್ಟಿಗೆ ಗೂಡುಗಳು ಕುಸಿದು ಬಿದ್ದಿದ್ದವು. ಮಣ್ಣು ತೋಡಿದ ಗುಂಡಿಗಳಲ್ಲಿ ಹಸಿರು ನೀರು, ಸುತ್ತ ಲಂಟಾನದ ಪೊದೆ. ಕಸ ಸುರಿಯುವವರು, ಚೊಂಬು ಹಿಡಿದು ಹೋಗುವವರು ಬಿಟ್ಟರೆ ಆ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಒಂದು ದಿನ ನನ್ನ ಐದು ವರ್ಷದ ಮಗಳು ಅಲ್ಲಿ ಗಾಜಿನ ಚೂರು ತುಳಿದು, ರಕ್ತ ಸುರಿಸಿಕೊಂಡು ಬಂದಳು. ಮಾರನೆಯ ದಿನವೇ ನಾನು ಮಚ್ಚು ಹಿಡಿದು ಹೊರಟೆ.

ನಾನು ಕೋಣನಕುಂಟೆಯ ಹೊಲದ ಮನೆಯವಳು. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವಳು, ಆದರೆ ಮಚ್ಚು ಗುದ್ದಲಿ ನನ್ನ ಕೈಗೆ ಹೊಸದಲ್ಲ. ಜರಗನಹಳ್ಳಿಯಲ್ಲಿದ್ದ ಸೋದರತ್ತೆಯ ಮನೆಗೆ ರಜದಲ್ಲಿ ಬರುತ್ತಿದ್ದೆನಾದ್ದರಿಂದ ಆ ಹಳ್ಳವೂ ನನಗೆ ಹೊಸದಲ್ಲ. ಮೊದಲು ನಗುತ್ತಿದ್ದ ಪಕ್ಕದ ಮನೆಯ ಪೋಸ್ಟ್‌ಮ್ಯಾನ್ ಹೆಂಡತಿ ಎರಡನೇ ವಾರ ತಾನೇ ಕುಡುಗೋಲು ತಂದಳು. ಆಮೇಲೆ ಇನ್ನೂ ಮೂವರು ಸೇರಿಕೊಂಡರು. ಮಕ್ಕಳು ಆಡಲು, ಸಂಜೆ ಹೆಂಗಸರು ಕೂರಲು ಒಂದು ಜಾಗವಾದರೆ ಸಾಕು ಎನ್ನುವುದಷ್ಟೇ ನಮ್ಮ ಆಸೆ.

ಆ ಬೇಸಿಗೆಯಲ್ಲಿ ಮೈದುನನ ಮದುವೆಯಾಯಿತು. ಹುಡುಗಿ ಮೈಸೂರಿನವಳು, ಎಸ್ಸೆಸ್ಸೆಲ್ಸಿ ಪಾಸು. ನನ್ನನ್ನು ಬಾಯಿ ತುಂಬ "ಅಕ್ಕ" ಎನ್ನುತ್ತಿದ್ದಳು. ಮೊದಲ ಒಂದು ತಿಂಗಳು ನನಗೂ ಅವಳು ಇಷ್ಟವಾಗಿದ್ದಳು. ಒಂದು ಭಾನುವಾರ ಸೆರಗು ಸಿಕ್ಕಿಸಿಕೊಂಡು ನಮ್ಮ ಜೊತೆ ಬಂದಳು. ಸ್ವಲ್ಪ ಹೊತ್ತು ಪೊದೆ ಎಳೆದು, ಅಂಗೈ ಊದಿಕೊಳ್ಳುತ್ತ ಕೇಳಿದಳು:

"ಅಕ್ಕ, ಈ ಜಾಗ ಯಾರ್ದು?"

"ಯಾರ್ದಾದ್ರೆ ಏನು? ಪಾಳು ಬಿದ್ದಿದೆ."

"ಹಾಗಲ್ಲ ಅಕ್ಕ. ನಾವು ಇಷ್ಟೆಲ್ಲ ಕಷ್ಟಪಟ್ಟು, ನಾಳೆ ಯಾರಾದ್ರೂ ಬಂದು ನಂದು ಅಂದ್ರೆ?"

ಆರು ತಿಂಗಳಲ್ಲಿ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಅವಳು ಮೈದುನನನ್ನು ಕರೆದುಕೊಂಡು ಆಫೀಸುಗಳಿಗೆ ಅಲೆದಳು. ಅದು ಸರ್ಕಾರದ ಜಾಗ, ಗೂಡಿನವನ ಗುತ್ತಿಗೆ ಎಂದೋ ಮುಗಿದಿದೆ ಎಂದು ತಿಳಿದುಕೊಂಡು ಬಂದಳು. ಅಲ್ಲೊಂದು ಪಾರ್ಕ್ ಮಾಡಲು ಒಪ್ಪಿಗೆ ಕೊಡಿ ಎಂದು ಅರ್ಜಿ ಬರೆದಳು. ನನ್ನ ಗಂಡ ಅದನ್ನು ಹಜಾರದಲ್ಲಿ ಕೂತು ಗಟ್ಟಿಯಾಗಿ ಓದಿ, "ಅಕ್ಷರ ನೋಡೇ, ಮುತ್ತು ಪೋಣಿಸಿದ ಹಾಗಿದೆ" ಎಂದರು. ಹನ್ನೊಂದು ವರ್ಷದ ಸಂಸಾರದಲ್ಲಿ ನಾನು ಮಾಡಿದ ಯಾವುದನ್ನೂ ಅವರು ಮುತ್ತಿಗೆ ಹೋಲಿಸಿರಲಿಲ್ಲ. ನಾನು ರೊಟ್ಟಿ ತಟ್ಟುತ್ತಿದ್ದೆ. ಆ ರಾತ್ರಿ ಅವಳ ತಟ್ಟೆಗೆ ಸೀದ ರೊಟ್ಟಿ ಬಿತ್ತು. ಅವಳು ಅದನ್ನೇ ತಿಂದಳು.

ಅರ್ಜಿ ಹೋದ ಎರಡು ತಿಂಗಳಿಗೆ ಇಂಜಿನಿಯರೊಬ್ಬರು ಜೀಪಿನಲ್ಲಿ ಬಂದರು. "ಇದಕ್ಕೆ ಮುಖ್ಯಸ್ಥರು ಯಾರಮ್ಮ?" ಎಂದು ಕೇಳಿದ್ದೇ ತಡ, ಪೋಸ್ಟ್‌ಮ್ಯಾನ್ ಹೆಂಡತಿಯೂ ಸೇರಿ ಎಲ್ಲರೂ ಓರಗಿತ್ತಿಯ ಕಡೆ ಕೈ ತೋರಿಸಿದರು. ಅವಳು ಇಂಗ್ಲಿಷಿನಲ್ಲಿ ಎರಡು ಮಾತಾಡಿದಳು. ಅವರು ಖುಷಿಯಾದರು. ಮಂಡಿಯವರೆಗೆ ಕೆಸರು ಮಾಡಿಕೊಂಡು ಮಚ್ಚು ಹಿಡಿದು ನಿಂತಿದ್ದ ನನ್ನನ್ನು ನೋಡಿ, "ಆಳು ಬೇರೆ ಇಟ್ಕೊಂಡಿದೀರಾ? ದಿನಕ್ಕೆ ಎಷ್ಟು ಕೊಡ್ತೀರಿ?" ಎಂದರು.

"ಅಯ್ಯೋ ಸಾರ್, ಇವ್ರು ನಮ್ಮಕ್ಕ. ಇದನ್ನೆಲ್ಲ ಶುರು ಮಾಡಿದ್ದೇ ಇವ್ರು!" ಎಂದಳು ಓರಗಿತ್ತಿ.

ಇಂಜಿನಿಯರ್ ಕೈ ಮುಗಿದು ತಪ್ಪಾಯಿತು ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಅವಳ ಮೇಲೆ. ನನ್ನ ಮಾನವನ್ನು ಅವಳು ಕಾಯಬೇಕಾಗಿ ಬಂತಲ್ಲ! ಅವಳು ಸುಮ್ಮನಿದ್ದಿದ್ದರೆ ದ್ವೇಷಿಸಲು ನನಗೊಂದು ಕಾರಣವಾದರೂ ಸಿಗುತ್ತಿತ್ತು. ಅದನ್ನೂ ಅವಳು ಕೊಡಲಿಲ್ಲ.

ಅಲ್ಲಿಂದ ಮುಂದೆ ಬೀದಿಯಲ್ಲಿ ಸಿಕ್ಕವರೆಲ್ಲ "ನಿಮ್ಮ ಓರಗಿತ್ತಿ ಸಖತ್ ಚುರುಕು ಕಣ್ರೀ" ಎನ್ನುವವರೇ. ತ್ಯಾಗರಾಜನಗರದಿಂದ ಬಂದ ನೆಂಟರ ಮುಂದೆ ನಮ್ಮತ್ತೆ "ನಮ್ಮ ಚಿಕ್ಕ ಸೊಸೆ ಪಾರ್ಕ್ ಮಾಡಿಸ್ತಿದಾಳೆ" ಎಂದು ಹೇಳಿಕೊಂಡರು. ನಾನು ಕಾಫಿ ಲೋಟಗಳನ್ನು ಇಟ್ಟು ಒಳಗೆ ಬಂದೆ. ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗೆ ಅನ್ನುತ್ತಾರಲ್ಲ, ಅದು ಬರೀ ಮಾತಲ್ಲ. ನನಗೆ ನಿಜವಾಗಿಯೂ ಉರಿಯುತ್ತಿತ್ತು. ಮಜ್ಜಿಗೆ ಕುಡಿದೆ, ಜೀರಿಗೆ ಕಷಾಯ ಕುಡಿದೆ, ಹೋಗಲಿಲ್ಲ.

ಗುಂಡಿ ಮುಚ್ಚಲು ಆಫೀಸಿನವರು ಮಣ್ಣು ಹೊಡೆಸಿಕೊಟ್ಟರು. ಗೂಡಿನ ಒಳ್ಳೆಯ ಇಟ್ಟಿಗೆಗಳನ್ನು ನಾವು ಆರಿಸಿ ಕಟ್ಟೆಗೆಂದು ಪೇರಿಸಿದೆವು. ಉಯ್ಯಾಲೆ ಎಲ್ಲಿ, ಜಾರುಬಂಡೆ ಎಲ್ಲಿ, ಗಿಡಗಳೆಲ್ಲಿ ಎಂದು ಓರಗಿತ್ತಿ ಕಾಗದದ ಮೇಲೆ ಗೆರೆ ಎಳೆದಳು. ಎಲ್ಲವೂ ಹಳ್ಳದ ಪಕ್ಕದ ತಗ್ಗಿನಲ್ಲಿತ್ತು. ನೋಡಲು ಅದೇ ಚಂದದ ಜಾಗ, ಹೊಂಗೆಮರದ ನೆರಳು ಬೇರೆ. ಕಾಗದ ಹಿಡಿದು ಅವಳು ಅಡುಗೆಮನೆಗೆ ಬಂದಳು.

"ಅಕ್ಕ, ನೀವು ಈ ಕಡೆಯೋರು. ಮಳೆಗಾಲದಲ್ಲಿ ಇಲ್ಲಿವರೆಗೂ ನೀರು ಬರುತ್ತಾ?"

ಕೆರೆ ಕೋಡಿ ಬಿದ್ದ ವರ್ಷ ಆ ತಗ್ಗಿನಲ್ಲಿ ಸೊಂಟದ ಮಟ್ಟ ನೀರು ನಿಲ್ಲುತ್ತಿತ್ತು. ಸೋದರತ್ತೆಯ ಮಕ್ಕಳ ಜೊತೆ ನಾನು ಅಲ್ಲೇ ಹಳೆ ಪಂಚೆ ಹರಡಿ ಮೀನು ಹಿಡಿದವಳು. ನಾನು ಒಲೆಯಿಂದ ಮುಖ ಎತ್ತದೆ ಹೇಳಿದೆ:

"ನಂಗೇನಮ್ಮ ಗೊತ್ತು? ಓದಿದೋರು ನೀವು."

ಅವಳು ಕಾಗದ ಮಡಚಿಕೊಂಡು, "ಸರಿ ಅಕ್ಕ" ಎಂದು ಹೋದಳು.

ಉಯ್ಯಾಲೆ ಬಂತು. ಸಾಲಾಗಿ ಗಿಡ ನೆಟ್ಟರು. ನಾನೂ ನೆಟ್ಟೆ. ಮುಳುಗುವ ಜಾಗವೆಂದು ಗೊತ್ತಿದ್ದೂ ಪಾತಿ ಮಾಡಿ ನೀರೆರೆದೆ. ಇದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಆ ವರ್ಷ ಹಿಂಗಾರು ಜೋರಾಗಿ ಹಿಡಿಯಿತು. ಮೂರು ದಿನ ಬಿಡದೆ ಸುರಿದು ಕೆರೆ ಕೋಡಿ ಬಿತ್ತು. ನಾಲ್ಕನೇ ದಿನ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ತಗ್ಗೆಲ್ಲ ಕೆಂಪು ನೀರು. ಉಯ್ಯಾಲೆಯ ಕಂಬ ವಾಲಿತ್ತು. ಗಿಡಗಳು ಒಂದೂ ಕಾಣಲಿಲ್ಲ.

ಬೀದಿಯವರ ನಾಲಿಗೆ ತಿರುಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಪುಸ್ತಕ ಓದಿದ್ರೆ ಆಯ್ತಾ? ನೆಲ ಗೊತ್ತಿರ್ಬೇಕು" ಎಂದರು. ಅತ್ತೆಯೂ "ಸರ್ಕಾರದೋರ ಮುಂದೆ ನಮ್ಮ ಮರ್ಯಾದೆ ಹೋಯ್ತು" ಎಂದು ಗೊಣಗಿದರು. ಅರ್ಧ ದಿನ ನನಗೆ ಹಬ್ಬ. ಆ ಮಧ್ಯಾಹ್ನ ನಾನು ಎರಡು ಸಲ ಅನ್ನ ಬಡಿಸಿಕೊಂಡೆ.

ನೀರು ಇಳಿದ ಮೇಲೆ ಎಲ್ಲರೂ ನೋಡಲು ಹೋದೆವು. ಓರಗಿತ್ತಿ ಕೆಸರಿನಲ್ಲಿ ಕೂತು ಬೇರು ಸಮೇತ ಕಿತ್ತುಬಂದ ಸಸಿಗಳನ್ನು ಆರಿಸಿ ಮಂಕರಿಗೆ ಹಾಕುತ್ತಿದ್ದಳು. ಅಳುತ್ತಿರಲಿಲ್ಲ. ಆಗ ಹಳ್ಳದಲ್ಲಿ ಬಟ್ಟೆ ಒಗೆಯಲು ಬಂದಿದ್ದ ಜರಗನಹಳ್ಳಿಯ ಹೆಂಗಸೊಬ್ಬಳು ನನ್ನನ್ನು ಗುರುತು ಹಿಡಿದಳು. ಸೋದರತ್ತೆಯ ಪಕ್ಕದ ಮನೆಯವಳು.

"ಏನವ್ವಾ, ನೀನೂ ಇಲ್ಲೇ ಇದ್ದು ಇವ್ರಿಗೆ ಹೇಳ್ಬಾರ್ದಾ? ಕೋಡಿ ಬಿದ್ರೆ ನೀರು ನುಗ್ಗೋದು ಇಲ್ಲಿಗೇ ಅಲ್ವಾ? ಚಿಕ್ಕೋಳಿದ್ದಾಗ ಇಲ್ಲೇ ಮೀನು ಹಿಡೀತಿದ್ದೆಯಲ್ಲ!"

ಎಲ್ಲರೂ ನನ್ನ ಕಡೆ ತಿರುಗಿದರು. "ಚಿಕ್ಕಂದಿನದು, ಮರ್ತೇ ಹೋಗಿತ್ತು" ಎಂದೆ. ಜನ ಒಪ್ಪಿಕೊಂಡರು. ಓರಗಿತ್ತಿ ಮಾತ್ರ ಕೈಯಲ್ಲಿದ್ದ ಸಸಿಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು.

ಸಂಜೆ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಕೇಳಿದಳು. "ಮರ್ತಿರ್ಲಿಲ್ಲ ಅಲ್ವಾ?"

"ಇಲ್ಲ."

"ಯಾಕಕ್ಕ?"

ಸುಳ್ಳು ಹೇಳಬಹುದಿತ್ತು. ಆದರೆ ಆ ಹೊತ್ತಿಗೆ ನನಗೆ ಸಾಕಾಗಿತ್ತು. "ಹೊಟ್ಟೆಕಿಚ್ಚು. ಎಲ್ಲಾ ನಿಂದೇ ಆಗೋಯ್ತು. ನಾನು ಮಚ್ಚು ಹಿಡ್ಕೊಂಡು ನಿಂತ್ಕೊಂಡೆ" ಎಂದೆ.

"ನನ್ನನ್ನ ಬೈದಿದ್ರೆ ಆಗ್ತಿತ್ತು. ಗಿಡ ಏನ್ ಮಾಡಿತ್ತು?" ಎಂದಳು. ಆಮೇಲೆ ಒಂದು ತಿಂಗಳು ಅವಳು ನನ್ನ ಜೊತೆ ಮಾತಾಡಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಲೂ ಇಲ್ಲ. ಹೇಳಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಕೆಟ್ಟ ಮನಸ್ಸು ನೋಡಿ, ಆ ದೊಡ್ಡತನವೂ ನನಗಿಲ್ಲದೆ ಅವಳಿಗೇ ಇದೆಯಲ್ಲ ಎಂದು ಅದಕ್ಕೂ ಉರಿದುಕೊಂಡೆ.

ಒಂದು ಭಾನುವಾರ ಅವಳೇ ಡಬ್ಬದಲ್ಲಿ ಸುಣ್ಣದ ಪುಡಿ ತಂದು ನನ್ನ ಮುಂದಿಟ್ಟಳು. "ನೀರು ಎಲ್ಲಿವರೆಗೂ ಬರುತ್ತೆ, ಗುರುತು ಹಾಕಿ. ಬೀದಿಯವರ ಮುಂದೆ ಹಾಕಿ." ದನಿಯಲ್ಲಿ ಪ್ರೀತಿ ಇರಲಿಲ್ಲ. ನಾನು ಎದ್ದು ಹೋದೆ. ಮೇಲಿನ ಗೂಡಿನಿಂದ ಹೊಂಗೆಮರದ ಬುಡದವರೆಗೆ ಬಗ್ಗಿ ಬಗ್ಗಿ ಗೆರೆ ಎಳೆದೆ. ಗೆರೆಯ ಮೇಲಕ್ಕೆ ಉಯ್ಯಾಲೆ, ಕಟ್ಟೆ, ಗಿಡ ಎಲ್ಲ ಹೋದವು. ಕೆಳಗಿನ ತಗ್ಗನ್ನು ನೀರಿಗೇ ಬಿಟ್ಟು, ಹಳ್ಳದಂಚಿಗೆ ಒಗೆಯುವವರಿಗೆ ಕಲ್ಲು ಹಾಕಿಸುವುದೆಂದಾಯಿತು. ಕಲ್ಲು ಕೂರಿಸುವ ಕೆಲಸವನ್ನು ನಾನು ವಹಿಸಿಕೊಂಡೆ. ಮುಂದಿನ ಬೇಸಿಗೆಗೆ ಎಲ್ಲ ಮುಗಿಯಿತು. ಓರಗಿತ್ತಿ ಮತ್ತೆ "ಅಕ್ಕ" ಎಂದು ಕರೆಯತೊಡಗಿದ್ದಳು, ಆದರೆ ಮೊದಲಿನ ಹಾಗೆ ಬಾಯಿ ತುಂಬ ಅಲ್ಲ.

ಪಾರ್ಕ್ ತೆರೆಯುವ ದಿನ ಇಂಜಿನಿಯರ್ ಬಂದು ಅವಳಿಗೆ ಸೇವಂತಿಗೆ ಹಾರ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ತಟ್ಟುತ್ತ ತಟ್ಟುತ್ತ ಅದೇ ಕೆಂಡ ಮತ್ತೆ ಹೊತ್ತಿಕೊಂಡಿತು. ಅಲ್ಲಿ ನಿಲ್ಲಲಾರದೆ ಹಳ್ಳದ ಕಡೆ ಇಳಿದೆ. ಜರಗನಹಳ್ಳಿಯ ಅದೇ ಹೆಂಗಸು ಒಗೆಯುತ್ತಿದ್ದಳು.

"ಕಲ್ಲು ಚೆನ್ನಾಗ್ ಕೂರ್ಸಿದೀಯ ಕಣವ್ವ" ಎಂದಳು.

ಆ ಮಾತಿನಿಂದ ನನಗೆ ಸಮಾಧಾನವಾಯಿತು ಎಂದರೆ ಸುಳ್ಳಾಗುತ್ತದೆ. ನನಗೆ ಬೇಕಿದ್ದದ್ದು ಹಾರ.

"ಆ ಕೊನೇದೊಂದು ಮಾತ್ರ ಅಲ್ಲಾಡ್ತದೆ. ಸೋಪು ಹಚ್ಚಿ ಕುಕ್ಕಿದ್ರೆ ಹಿಂದಕ್ಕೆ ಜಾರ್ತದೆ."

ನೋಡಿದೆ. ನಿಜ, ಒಂದು ಬದಿ ಮಣ್ಣು ಕೊಚ್ಚಿಹೋಗಿತ್ತು. ಮೇಲೆ ಯಾರೋ ಭಾಷಣ ಮಾಡುತ್ತಿದ್ದರು. ನಾನು ರೇಷ್ಮೆ ಸೀರೆಯ ನೆರಿಗೆ ಎತ್ತಿ ಕಟ್ಟಿ, ನೀರಿಗಿಳಿದು, ಕಲ್ಲಿನ ಅಡಿಗೆ ಇಟ್ಟಿಗೆ ಚೂರು ಸಿಕ್ಕಿಸತೊಡಗಿದೆ.