ನಕ್ಷೆಯಲ್ಲಿಲ್ಲದ ಹಳ್ಳ

ಕಳೆದ ಭಾನುವಾರ ನಾನು ಒಂದು ಹಳ್ಳ ಕಳೆದುಕೊಂಡೆ.

ಪರ್ಸ್ ಕಳೆದುಕೊಳ್ಳುವವರಿದ್ದಾರೆ, ಮದುವೆ ಮನೆಯಲ್ಲಿ ಚಪ್ಪಲಿ ಕಳೆದುಕೊಳ್ಳುವವರಿದ್ದಾರೆ. ನೀರು ಹರಿಯುವ ಹಳ್ಳವನ್ನೇ, ಅದೂ ಇಡೀ ಊರಿನ ಎದುರು ಕಳೆದುಕೊಂಡವನು ಬಹುಶಃ ನಾನೊಬ್ಬನೇ. (ಭೂಗೋಳದಲ್ಲಿ ಎಂ.ಎ. ಬೇರೆ.)

ಶುರುವಾಗಿದ್ದು ಬಸವಣ್ಣನ ಫೋನಿನಿಂದ. ಬಸವಣ್ಣ ನನ್ನ ಬಾಲ್ಯದ ಗೆಳೆಯ, ಈಗ ನಮ್ಮೂರಿನ ಪಂಚಾಯ್ತಿ ಮೆಂಬರ್. ನಮ್ಮೂರು ಎಂದರೆ ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಹೋಗುವಾಗ, ಹದಿನಾರು ಎಂಬ ಊರು ದಾಟಿದ ಮೇಲೆ, ನೀವು ಬಸ್ಸಿನಲ್ಲಿ ತೂಕಡಿಸುತ್ತಿರುವಾಗ ಬಂದು ಹೋಗುವ ಊರು.

"ಲೇ, ಊರು ಟೌನ್ ಆಯ್ತದೆ ಕಣ್ಲಾ. ಪಟ್ಟಣ ಪಂಚಾಯ್ತಿ. ಜನ ಒಸಿ ಕಮ್ಮಿ ಬಿದ್ದವ್ರೆ, ಅಷ್ಟೇಯ."

"ಜನ ಕಮ್ಮಿ ಬಿದ್ರೆ ಈ ವಯಸ್ಸಲ್ಲಿ ನಾನೇನು ಮಾಡ್ಲಿ?"

"ನೀನೇನೂ ಮಾಡ್ಬೇಡ. ಆಚೆಕೇರಿ ಸೇರಿಸ್ಕಂಡ್ರೆ ಲೆಕ್ಕ ಸರಿಯಾಯ್ತದೆ. ಎರಡೂ ಒಂದೇ ಊರು ಅಂತ ಸಭೇಲಿ ಬಂದು ಹೇಳು. ಜಿಯಾಗ್ರಫಿ ಓದ್ದೋನು, ನಿನ್ ಮಾತು ನಡೀತದೆ."

ಎಂ.ಎ. ಮುಗಿಸಿದ ಮೇಲೆ ನನ್ನ ಭೂಗೋಳ ಯಾರಿಗಾದರೂ ಬೇಕಾಗಿದ್ದು ಇದೇ ಮೊದಲು. ಹೊರಟೇಬಿಟ್ಟೆ.

ಬಸ್ಸಿನಲ್ಲಿ ಕೂತಾಗ ಹಳ್ಳ ನೆನಪಾಯಿತು. ಆಚೆಕೇರಿ ಇರುವುದು ಊರಿನ ಪೂರ್ವಕ್ಕೆ. ಕೂಲಿ ಮಾಡುವವರು, ತುಂಡು ಜಮೀನಿನವರು, ನೌಕರಿ ಹಿಡಿದ ಕೆಲವರು. ಬಹುಪಾಲು ಈಗ ಬೌದ್ಧರು. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ: ರಸ್ತೆಗೆ ಅಡ್ಡಲಾಗಿ ಹರಿಯುವ ನೀರು, ಅದರಾಚೆ ಆ ಕೇರಿಯ ಮನೆಗಳು. ಅಪ್ಪ ನೀರು ದಾಟಲಿಲ್ಲ, ಅಲ್ಲಿಂದಲೇ ತಿರುಗಿ ಬಂದರು. ಆಮೇಲೆ ನಾನೂ ಆ ಕಡೆ ಹೋದವನಲ್ಲ. ನಡುವೆ ಹಳ್ಳ ಇದ್ದರೆ ಒಂದೇ ಊರು ಹೇಗಾಗುತ್ತದೆ?

(ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಸತ್ತುಹೋಗಿದ್ದಾರೆ ಎಂದು ನನಗೆ ಚೆನ್ನಾಗಿ ನೆನಪಿದ್ದ ದಾಯಾದಿಯೊಬ್ಬರು ಮೊನ್ನೆ ಬೀಗರೂಟದಲ್ಲಿ ನನ್ನ ಪಕ್ಕದಲ್ಲೇ ಕೂತು ಎರಡನೇ ಸಲ ಪಾಯಸ ಹಾಕಿಸಿಕೊಂಡರು.)

ಪಂಚಾಯ್ತಿ ಆಫೀಸಿನ ಮುಂದೆ ಶಾಮಿಯಾನ ಹಾಕಿತ್ತು. ಜನಸಂಖ್ಯೆ ಎಷ್ಟು ಎಂದರೆ ತಲೆಗೊಂದು ಸಂಖ್ಯೆ. ಯುಗಾದಿಗೆ ಮಾತ್ರ ಬರುವವರನ್ನೂ ಸೇರಿಸಿ ಎಂದರು ಒಬ್ಬರು. ಬಸ್ಸಿಗೆ ಕಾಯುತ್ತಿರುವವರನ್ನೂ ಹಿಡಿದುಕೊಳ್ಳಿ ಎಂದರು ಇನ್ನೊಬ್ಬರು.

ಆಗ ಆಚೆಕೇರಿಯ ಪುಟ್ಟತಾಯಮ್ಮ ಎದ್ದು ನಿಂತರು. "ಟೌನ್ ಆದ್ರೆ ಖಾತ್ರಿ ಕೆಲ್ಸ ನಿಲ್ತದಂತೆ. ದಿಟವಾ?"

ದಿಟ. ಉದ್ಯೋಗ ಖಾತ್ರಿಯ ಕೂಲಿ ಹಳ್ಳಿಗಳಿಗೆ ಮಾತ್ರ. ಗದ್ದೆ ಕೆಲಸ ಇಲ್ಲದ ತಿಂಗಳುಗಳಲ್ಲಿ ಪುಟ್ಟತಾಯಮ್ಮನ ಒಲೆ ಉರಿಯುವುದು ಕೆರೆಯ ಹೂಳು ಹೊತ್ತ ಕೂಲಿಯಿಂದ.

"ಕೆಲ್ಸ ಓದ್ರೇನಕ್ಕಾ, ಬೀದಿಗೆಲ್ಲ ಎಲ್‌ಇಡಿ ಲೈಟ್ ಬತ್ತದೆ" ಎಂದ ಬಸವಣ್ಣ.

"ಬೆಳಕಲ್ಲಿ ಕುಂತ್ಕಂಡು ಏನಪ್ಪಾ ಉಣ್ಣಾದು?"

ಇದೇ ಸಮಯ ಎಂದುಕೊಂಡು ಎದ್ದೆ. ಎರಡೂ ಒಂದೇ ಊರಲ್ಲ, ನಡುವೆ ಹಳ್ಳವಿದೆ, ಹಳ್ಳ ಎಂದರೆ ಸಹಜ ಗಡಿ ಎಂದೆ. ಸಭೆ ಒಟ್ಟಿಗೇ ಪೂರ್ವಕ್ಕೆ ತಿರುಗಿ ನೋಡಿತು. ಕಾಂಕ್ರೀಟ್ ರಸ್ತೆ, ಮೊಬೈಲ್ ಅಂಗಡಿ, ಕೋಳಿ ಅಂಗಡಿ. ಹಳ್ಳ?

ಬಸವಣ್ಣ ಫೋನಿನಲ್ಲಿ ಸ್ಯಾಟಲೈಟ್ ಮ್ಯಾಪ್ ತೆಗೆದು ಮುಂದೆ ಹಿಡಿದ. "ತೋರ್ಸಪ್ಪಾ ಪ್ರೊಫೆಸರು." ಎಷ್ಟು ಝೂಮ್ ಮಾಡಿದರೂ ಹಳ್ಳದ ಸುಳಿವಿಲ್ಲ. ಸಾಲದ್ದಕ್ಕೆ ಆ ಜಾಗ ದಿಬ್ಬ. ಅಲ್ಲಿ ಹರಿಯಬೇಕಾದರೆ ನೀರು ಏರು ಹತ್ತಬೇಕು.

"ಬತ್ತಿಹೋಗಿರಬಹುದು" ಎಂದೆ.

"ಇಲ್ಲ ಬುಡಿ, ನಿಮ್ ತಲೇಲಿ ಇನ್ನೂ ಅರೀತಾ ಅದೆ" ಎಂದರು ಹಿಂದಿನಿಂದ ಯಾರೋ. ಎಲ್ಲರೂ ನಕ್ಕರು.

ಪುಟ್ಟತಾಯಮ್ಮ ನಗಲಿಲ್ಲ. "ನೀವು ಆ ನೀರ ನೋಡಿದ್ದು ಯಾವಾಗ ಸಾ?"

"ಮಾರಿಹಬ್ಬದ ದಿನ. ತಮಟೆ ಹೊಡೀತಿದ್ರು."

"ಅಂಗನ್ನಿ. ಅದು ಅಳ್ಳ ಅಲ್ಲ ಸಾ. ಮಾರಿ ಮೊರವ ನಮ್ ಕೇರಿ ಬಾಯಿಗೆ ಇಕ್ಕಿ, ಅದು ತಿರುಗಿ ಊರಿಗೆ ಬರಬಾರ್ದು ಅಂತ ನಿಮ್ಮೋರು ಬಿಂದಿಗೆಲಿ ತಂದು ಅಡ್ಡಡ್ಡಕ್ಕೆ ಉಯ್ಯೋ ನೀರು. ಓದ್ವರ್ಸವೂ ಉಯ್ದ್ರು."

ಗೊತ್ತಿಲ್ಲದವರಿಗೆ ಹೇಳಬೇಕು. ಹಬ್ಬದ ಕೊನೆಗೆ ನಮ್ಮೂರಿನವರು ಊರಿನ ರೋಗರುಜಿನಗಳನ್ನೆಲ್ಲ ಬೇವಿನಸೊಪ್ಪು, ಮುರುಕು ಪೊರಕೆಯ ಸಮೇತ ಒಂದು ಹಳೇ ಮೊರಕ್ಕೆ ತುಂಬಿ ಗಡಿ ದಾಟಿಸುತ್ತಾರೆ. ಗಡಿಯಾಚೆ ಯಾರು ಉಸಿರಾಡುತ್ತಿದ್ದಾರೆ ಎಂದು ವಿಚಾರಿಸುವ ಪದ್ಧತಿ ಇಲ್ಲ.

ಪುಟ್ಟತಾಯಮ್ಮ ಬಸವಣ್ಣನ ಕಡೆ ತಿರುಗಿದರು. "ಮೊರ ಇಕ್ಕುವಾಗ ನಾವು ಬ್ಯಾರೆ ಊರು, ತಲೆ ಎಣಿಸುವಾಗ ಒಂದೇ ಊರು. ಆಯ್ತಪ್ಪ, ಒಂದೇ ಅನ್ಕಳವ. ಈ ಸಲ ಮೊರವ ಎಲ್ಲಿಗಿಕ್ಕೀಯೆ?"

ಬಸವಣ್ಣ ಮ್ಯಾಪ್ ಮುಚ್ಚಿ ಫೋನನ್ನು ಜೇಬಿಗೆ ಹಾಕಿಕೊಂಡ.

"ಅಕ್ಕಾ, ಅದು ಸಂಪ್ರದಾಯ, ಇದು ಡೆವಲಪ್‌ಮೆಂಟು. ಎರಡ್ನೂ ಯಾಕೆ ಮಿಕ್ಸ್ ಮಾಡೀಯೆ?" ಎಂದ ಬಸವಣ್ಣ.

ಹಿರಿಯರೊಬ್ಬರು ರಾಜಿಸೂತ್ರ ತಂದರು. ಆಚೆಕೇರಿ ದಾಟಿ, ಮುಂದಿನ ಊರಿನ ಬಾಯಿಗೆ ಇಟ್ಟರಾಯಿತು. "ನಾಳೆ ಅವ್ರೂ ಟೌನ್ ಆಯ್ತೀವಿ, ನಿಮ್ ಜೊತೆ ಸೇರ್ತೀವಿ ಅಂದ್ರೆ?" ಎಂದಿತು ಹಿಂದಿನ ಸಾಲಿನ ಅದೇ ದನಿ. ಈ ಲೆಕ್ಕದಲ್ಲಿ ಅಭಿವೃದ್ಧಿ ಮುಂದುವರಿದಂತೆ ನಮ್ಮ ಮೊರ ನರಸೀಪುರದ ಸಂಗಮ ಮುಟ್ಟುವುದು ಖಂಡಿತ.

ಮೊರ ಇಡುವುದನ್ನೇ ಬಿಡಬಹುದಲ್ಲ? ಅದನ್ನೂ ಹೇಳಿದೆ. ಹಳ್ಳ ಕಳೆದುಕೊಂಡವನ ಮಾತು ಯಾರು ಕೇಳುತ್ತಾರೆ?

ಕೊನೆಗೆ ತೀರ್ಮಾನವಾಯಿತು: ಈ ಸಲದ ಹಬ್ಬ ಎಂದಿನಂತೆ ನಡೆಯಲಿ, ಟೌನ್ ವಿಚಾರ ಆಮೇಲೆ ನೋಡೋಣ. ಅಂದರೆ, ಪಟ್ಟಣವಾಗುವುದನ್ನು ಬೇಕಾದರೆ ಮುಂದಕ್ಕೆ ಹಾಕಬಹುದು, ಮೊರವನ್ನಲ್ಲ.

ಬಸ್ ಸ್ಟಾಪಿನಲ್ಲಿ ಪುಟ್ಟತಾಯಮ್ಮ ಸಿಕ್ಕರು. "ಈ ವರ್ಸ ಕೆಲ್ಸ ಉಳೀತು ಸಾ. ನಮ್ ಮನೇಲಿರದು ಬುದ್ಧನ ಫೋಟೊ. ಆದ್ರೂ ಮಾರಿಗೊಂದು ಥ್ಯಾಂಕ್ಸ್ ಹೇಳ್ಬೇಕು ಅನ್ನಿಸ್ತದೆ."

"ಮೊರ?"

"ಅದು ಬತ್ತದೆ ಬುಡಿ. ಅದ್ಕೆ ಬಸ್ಸಿಗೆ ಕಾಯೋ ಕಷ್ಟ ಇಲ್ಲ."

ವಾಪಸ್ ಹೋಗಲು ಸಿಕ್ಕಿದ ನರಸೀಪುರದ ಬಸ್ಸು ಆ ಜಾಗದ ಮೇಲೇ ಹಾದುಹೋಯಿತು. ಕಿಟಕಿಯಿಂದ ಬಗ್ಗಿ ನೋಡಿದೆ. ರಸ್ತೆ ಒಣಗಿತ್ತು.

ಹಳ್ಳ ಬತ್ತಿರಬಹುದು ಎಂದಿದ್ದೆನಲ್ಲ, ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ವರ್ಷವರ್ಷವೂ ಊರಿಗೆ ಊರೇ ನಿಂತು ನೀರು ಹೊಯ್ಯುತ್ತಿದ್ದರೆ ಯಾವ ಹಳ್ಳ ತಾನೇ ಬತ್ತುತ್ತದೆ?