ಕಮ್ಮಾರ ಮಾಡಿಕೊಟ್ಟ ಚಮಚ

ಚಿತ್ತವಾಡ್ಗಿಯ ಕಮ್ಮಾರ ಅಳತೆಯ ದಾರ ಹಿಡಿದು "ಕೊಡವ್ವಾ" ಎಂದ. ಅಜ್ಜಿಯ ಜೊತೆ ಬಂದಿದ್ದ ಏಳು ವರ್ಷದ ಗೌರಿ ಕಾಲು ಎತ್ತಿ ಕೊಟ್ಟಳು. ಅವನು ನನ್ನ ಎತ್ತುಗಳಿಗೆ ಲಾಳ ಕಟ್ಟುವುದನ್ನು ಅವಳು ಆಗಷ್ಟೇ ನೋಡಿದ್ದಳು.

"ಕಾಲಲ್ಲವ್ವಾ, ಕೈ! ನಿನಗ ಲಾಳ ಕಟ್ಟಿದ್ರ ನಿಮ್ಮಜ್ಜಿ ಗಾಡಿಗೆ ಹೂಡ್ತಾಳ," ಎಂದು ಅವನು ನಕ್ಕ.

ಗೌರಿಯ ಬೆರಳುಗಳು ಹುಟ್ಟಿನಿಂದಲೂ ಬಾಗುತ್ತಿರಲಿಲ್ಲ. ಆದರೂ ತಾನೇ ಉಣ್ಣಬೇಕೆಂಬುದು ಅವಳ ಹಟ. ಹಿಡಿಯದಿದ್ದರೂ ಕೈಯಲ್ಲಿ ನಿಲ್ಲುವ ಚಮಚ ಬೇಕೆಂದು ಅಜ್ಜಿ ಕೇಳಿದ್ದಳು. ಕಮ್ಮಾರ ಚಮಚದ ಹಿಡಿಗೆ ಅಂಗೈ ಸುತ್ತ ಕೂರುವ ಕಬ್ಬಿಣದ ಪಟ್ಟಿ ಬೆಸೆದು, ಅದಕ್ಕೆ ಅರಿವೆ ಸುತ್ತಿ ತೊಡಿಸಿದ. ಅಜ್ಜಿ ಬಿಚ್ಚಿದ ಬುತ್ತಿಯ ಮೊಸರನ್ನ ಮೊದಲು ಮೂಗಿಗೆ ಹೋಯಿತು.

"ತಪ್ಪು ನಿಂದಲ್ಲ, ಚಮಚದ್ದು," ಎಂದವನೇ ಸುತ್ತಿಗೆಯಿಂದ ತಟ್ಟಿ ಅದರ ಕತ್ತನ್ನು ಬಾಯಿಯ ಕಡೆಗೆ ಬಾಗಿಸಿದ. ಎರಡನೆಯ ಸಲ ಅನ್ನ ನೇರ ಬಾಯಿ ಸೇರಿತು.

ಅಜ್ಜಿ ರೂಢಿಯಂತೆ ಮುಂದಿನ ತುತ್ತು ಕಲಸಿ ಕೈ ಚಾಚಿದಳು.

"ಅದು ನಿಂದು, ನೀನ ತಿನ್ನು," ಎಂದಳು ಗೌರಿ, ಬಾಯಿ ತುಂಬ ಅನ್ನ ಇಟ್ಟುಕೊಂಡೇ.

ಇಷ್ಟು ವರ್ಷ ಮೊಮ್ಮಗಳಿಗೆ ಉಣಿಸಿದ ಮೇಲಷ್ಟೇ ಉಣ್ಣುತ್ತಿದ್ದ ಅಜ್ಜಿ ಅಂದು ಕುಲುಮೆಯ ಮುಂದೆ ಕುಳಿತು ಅವಳ ಜೊತೆಗೇ ಉಂಡಳು. ನಾನು ಗಾಡಿ ಹೂಡಿ ಹೊರಟಾಗಲೂ ಬುತ್ತಿ ಮುಗಿದಿರಲಿಲ್ಲ. ಇಬ್ಬರಿಗೂ ಅವಸರವಿರಲಿಲ್ಲ.